ಸವೆಯದ ಹಲ್ಲು

"ಆರು ತಿಂಗಳಿಗೆ ಸವೆಯೋ ಹಲ್ಲು ಅಂದ್ರಿ, ಮೂರು ವರ್ಷ ಆಯ್ತಲ್ರೀ!" ಗಾಳೆಪ್ಪ ಜೈಲಿನ ಹಲ್ಲು ಡಾಕ್ಟರರ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. "ನಾನು ಒಳಗೆ ಬಂದಮೇಲೆ ಹುಟ್ಟಿದ ಮಗಳು ಓಡಾಡ್ತಾಳಂತೆ, ಇನ್ನೂ ಮುಖ ನೋಡಿಲ್ಲ!"

ಆ ನಾಡಿನಲ್ಲಿ ಶಿಕ್ಷೆ ಅಳೆಯುತ್ತಿದ್ದದ್ದೇ ಹಲ್ಲಿನಿಂದ. ಜೈಲಿಗೆ ಬಂದಾಗ ದವಡೆಗೆ ತಿರುಪು ಕೂರಿಸಿ ಹಾಕಿದ ತಾತ್ಕಾಲಿಕ ಹಲ್ಲು ಸವೆದು ಒಡೆದ ದಿನ ಬಿಡುಗಡೆ. ಜೊತೆಗೆ ಬಂದವರೆಲ್ಲ ಹುರಿಗಡಲೆ ಕಡಿದೇ ಮನೆ ಸೇರಿದ್ದರು.

"ನಮ್ಮೂರವನು, ಚೆನ್ನಾಗಿ ಉಣ್ಣಲಿ ಅಂತ ಗಟ್ಟಿ ಮಾಲು ಹಾಕಿದೆನಪ್ಪಾ," ಡಾಕ್ಟರರು ತೊದಲಿದರು.

ಗಾಳೆಪ್ಪ ಇಕ್ಕಳ ಕಸಿದು ತನ್ನ ಬಾಯಿಗೇ ಹಾಕಿ ಜಗ್ಗಿದ. ದವಡೆಯ ಚೂರಿನ ಸಮೇತ ಹಲ್ಲು ಕಿತ್ತು ಬಂತು.

"ಒಡೆದಿಲ್ವಲ್ಲೋ! ಬಿಡೋಕಾಗಲ್ಲ!" ಎಂದು ಡಾಕ್ಟರರು ಕೂಗಿದರು.

"ಹಾಗಾದ್ರೆ ಇದನ್ನೇ ಜೈಲಲ್ಲಿಟ್ಕೊಳ್ಳಿ."

ರಕ್ತ ಉಗುಳುತ್ತಾ ಅವನು ಗೇಟು ದಾಟಿದ. ಆ ಬಾಯಿ ನೋಡಿ ಹಲ್ಲು ಒಡೆಯಿತೆಂದುಕೊಂಡ ಕಾವಲಿನವರು ಯಾರೂ ತಡೆಯಲಿಲ್ಲ. ಅವನು ತಿರುಗಿ ಬರಲೂ ಇಲ್ಲ.