ಏಳರಿಂದ ಗುಣಿಸಬೇಡ

ಒದ್ದೆ ಸೀಮೆಸುಣ್ಣದ ವಾಸನೆ ಬಂದರೆ ಈಗಲೂ ಆದವಾನಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಒಳಗೆ ಅಜ್ಜಿ ಜ್ವರದಲ್ಲಿ ನರಳುತ್ತಿದ್ದಳು. ಹತ್ತಿ ಬೇಲುಗಳಿಗೆ ನಂಬರು ಬರೆಯುವ ಕೆಲಸದಲ್ಲಿದ್ದ ತಾತ ನನ್ನನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು, ಕರಿಬಂಡೆಯ ಮೇಲೆ ಸೀಮೆಸುಣ್ಣದಿಂದ 142857 ಎಂದು ಬರೆದ.

"ಎರಡರಿಂದ ಗುಣಿಸವ್ವಾ."

285714 ಬಂತು.

"ಅವರೇ ಆರು ಮಂದಿ ಅದಾರ ನೋಡು. ಕುಂದ್ರೋ ಜಾಗ ಅಷ್ಟ ಬ್ಯಾರೆ."

ಆರರ ತನಕ ಗುಣಿಸಿದೆ. ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ನಮ್ಮ ಮನೆಯಲ್ಲೂ ಆರೇ ಮಂದಿ ಇದ್ದೆವು.

"ಏಳರಿಂದ ಗುಣಿಸಲೇನು, ತಾತ?"

ತಾತ ಒಳಗಿನ ನರಳಾಟಕ್ಕೆ ಕಿವಿಗೊಟ್ಟ. ಆಮೇಲೆ ಹೆಗಲ ಮೇಲಿನ ಒದ್ದೆ ವಸ್ತ್ರದಿಂದ ಬಂಡೆ ಒರೆಸಿಬಿಟ್ಟ. "ಏಳು ಬ್ಯಾಡವ್ವಾ. ಇವತ್ತು ಬ್ಯಾಡ."

ಅಜ್ಜಿ ತೀರಿಕೊಂಡು ದಿನಗಳು ಮುಗಿದ ಮೇಲೆ, ಐದೇ ಗಂಗಾಳ ಇಟ್ಟಿದ್ದ ಊಟದ ಸಾಲಿನಿಂದ ಎದ್ದುಬಂದು ನಾನೇ ಏಳರಿಂದ ಗುಣಿಸಿದೆ. 999999 ಬಂತು. ಆ ಆರು ಮಂದಿಯಲ್ಲಿ ಒಬ್ಬರೂ ಇರಲಿಲ್ಲ.