ಒಳಗಿನ ಸದ್ದು

ರೇಷ್ಮೆ ಹುಳುಮನೆಯ ಬಾಗಿಲು ಮತ್ತೆ ತೆರೆದಿತ್ತು. ಮುಚ್ಚಿಕೊಳ್ಳದಂತೆ ಇಟ್ಟಿಗೆ ಬೇರೆ ಒತ್ತಿಟ್ಟಿತ್ತು. ತನುಜ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಅಲ್ಲೇ ಧೊಪ್ಪೆಂದು ಇಳಿಸಿದಳು.

“ಮಾವ, ಬೆಳಗ್ಗಿಂದ ಇದು ಮೂರನೇ ಸಲ! ಹೋದ ಬೆಳೆಲಿ ಊಜಿ ನೊಣ ನುಗ್ಗಿ ಅರ್ಧ ಹುಳ ತಿಪ್ಪೆಗೆ ಸುರಿದಿದ್ದು ಮರೆತೋಯ್ತಾ? ಇನ್ನು ನಾಲ್ಕೇ ದಿನ, ಹಣ್ಣಾಗಿ ಗೂಡು ಕಟ್ತವೆ. ಅಲ್ಲೀವರ್ಗೂ ಒಂದು ಬಾಗಿಲು ಮುಚ್ಚಿಡಕ್ಕಾಗಲ್ವಾ ನಿಮ್ಮ ಕೈಲಿ?”

ಜಗಲಿಯ ಮೇಲಿದ್ದ ಚೆನ್ನರಾಯಪ್ಪ ತಲೆ ಎತ್ತಲಿಲ್ಲ. “ಒಳಗೆ ಸದ್ದಾಗ್ತಿತ್ತಮ್ಮ.”

“ಹುಳ ಸೊಪ್ಪು ತಿಂದ್ರೆ ಸದ್ದಾಗ್ದೆ ಇನ್ನೇನಾಗುತ್ತೆ? ದೇವ್ರೇ!” ಇಟ್ಟಿಗೆಯನ್ನು ಒದ್ದು, ಬಾಗಿಲೆಳೆದು ಚಿಲಕ ಹಾಕಿದಳು. ಗಂಡನಿಗೆ ಹೇಳಿದರೆ “ನಮ್ಮಪ್ಪ ನೇವಿಲಿ ಮೆಡಲ್ ತಗೊಂಡೋರು ಕಣೇ” ಎನ್ನುತ್ತಾನೆ. ಮೆಡಲು ನೊಣ ಓಡಿಸುತ್ತದೆಯೇ?

ಅಷ್ಟರಲ್ಲಿ ಊರ ಶಾಲೆಯ ಮೋಹನ್‌ಬಾಬು ಮೇಷ್ಟ್ರು ಬಂದರು. ಆಗಸ್ಟ್ ಹದಿನೈದಕ್ಕೆ ಚೆನ್ನರಾಯಪ್ಪನವರಿಗೆ ಸನ್ಮಾನ. ಮಕ್ಕಳ ಮುಂದೆ ಓದಲು ನಾಲ್ಕು ಸಾಲು ಬೇಕಿತ್ತು.

“ಎಪ್ಪತ್ತೊಂದರ ಯುದ್ಧದಲ್ಲಿ ಹಡಗು ಉಳಿಸಿದ್ರಂತೆ. ಏನು ಮಾಡಿದ್ರಿ ಸಾರ್?”

“ಬಾಂಬು ಬಿತ್ತು. ಕೆಳಗಡೆ ಮೆಷಿನ್ ರೂಮಿಗೆ ನೀರು ನುಗ್ತು. ನಾನು ಬಾಗಿಲು ಹಾಕ್ದೆ.”

ಮೇಷ್ಟ್ರು ಬರೆದುಕೊಂಡು ಕಾದರು. “ಅಷ್ಟೇನಾ?”

“ಹಡಗು ಮುಳುಗಲಿಲ್ಲ. ಇನ್ನೂರು ಜನ ಉಳಿದ್ರು. ಒಳಗೆ ಮೂರು ಜನ ಇದ್ರು.” ಬೆರಳ ಗೆಣ್ಣಿನಿಂದ ಜಗಲಿಯ ಕಲ್ಲನ್ನು ಮೆಲ್ಲಗೆ ಕುಟ್ಟಿದರು. “ಹಿಂಗೇ ಬಡೀತಿದ್ರು. ಸದ್ದು ನಿಲ್ಲೋವರ್ಗೂ ಬಾಗಿಲ ಹಿಡಿ ಬಿಡಲಿಲ್ಲ ನಾನು.”

ಮೇಷ್ಟ್ರ ಪೆನ್ನು ನಿಂತಿತು. “ಆ... ಆಮೇಲೆ?”

“ಮೆಡಲ್ ಕೊಟ್ರು, ಪ್ರಮೋಷನ್ ಕೊಟ್ರು. ರಿಟೈರ್ ಆಗೋವರ್ಗೂ, ಹದಿನಾರು ವರ್ಷ, ಹೊಸದಾಗಿ ಸೇರಿದೋರಿಗೆ ಅದನ್ನೇ ಕಲಿಸ್ದೆ. ಬಾಗಿಲು ಹಾಕೋದು ಹೆಂಗೆ ಅಂತ.”

ಮೇಷ್ಟ್ರು ಕಾಫಿಗೂ ಕಾಯದೆ ಹೊರಟುಹೋದರು. ತನುಜ ಕಾಫಿ ಲೋಟ ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು. ಮುಚ್ಚಿದ ಬಾಗಿಲ ಹಿಂದೆ ಸಾವಿರಾರು ಹುಳುಗಳು ಸೊಪ್ಪು ಕಡಿಯುತ್ತಿದ್ದವು. ಇಷ್ಟು ದಿನ ಆ ಸದ್ದು ಅವಳ ಕಿವಿಗೆ ಬಿದ್ದೇ ಇರಲಿಲ್ಲ.

ಲೋಟ ಇಟ್ಟು ಒಳಗೆ ಹೋದವಳು ತನ್ನ ಮಂಚದ ಸೊಳ್ಳೆ ಪರದೆಯನ್ನೂ ಸುತ್ತಿಗೆಯನ್ನೂ ತಂದಳು.

“ಸುಮ್ನೆ ಕೂತ್ಕೊಂಡ್ರೆ ಆಗಲ್ಲ ಮಾವ. ಬನ್ನಿ, ಆ ತುದಿ ಹಿಡ್ಕೊಳ್ಳಿ,” ಎಂದು ಸಿಡುಕಿದಳು. “ಒಂದೇ ಒಂದು ನೊಣ ಒಳಗೆ ಹೋದ್ರೂ ನಾನು ಸುಮ್ನಿರಲ್ಲ.”

ಬಾಗಿಲಿಗೆ ಅಡ್ಡಲಾಗಿ ಪರದೆ ಬಿಗಿದಾದ ಮೇಲೆ ಬಾಗಿಲನ್ನು ಗೋಡೆಯವರೆಗೂ ತೆರೆದಳು. ಆಗಲೇ ಒದ್ದಿದ್ದ ಇಟ್ಟಿಗೆಯನ್ನು ಹುಡುಕಿ ತಂದು, ತಾನೇ ಒತ್ತಿಟ್ಟಳು.