ಗೆರೆ ತುಂಡಾದ ಹತ್ತು ದಿನ

"ಹನ್ನೆರಡು ವರ್ಷ ದಿನಾ ಬೆಳಿಗ್ಗೆ ನಾನೇ ನೀರಿಗಿಳಿದು ಈ ಕೆರೆ ಅಳೆದೆ. ನೀವೂ ಇಳಿಯಿರಿ, ಜಗತ್ತು ಬದಲಾಗುತ್ತೆ!" ವೇದಿಕೆಯ ಮೇಲೆ, ಪರದೆಯಲ್ಲಿದ್ದ ಕೆರೆಯ ನೀರಿನ ಮಟ್ಟದ ಗ್ರಾಫಿನ ಮುಂದೆ, ವಿಜ್ಞಾನಿ ಕೈಯೆತ್ತಿದ. ಚಪ್ಪಾಳೆ ನಿಲ್ಲುವವರೆಗೆ ಕಾದು, ಆ ಹನ್ನೆರಡು ವರ್ಷವೂ ನಿಜವಾಗಿ ಕೆರೆ ಅಳೆದಿದ್ದವಳು ಎದ್ದುನಿಂತಳು. ವರ್ಷಕ್ಕೊಮ್ಮೆ ಅವಳ ನೋಟ್‌ಬುಕ್ ಒಯ್ಯುತ್ತಿದ್ದವನಿಗೆ ಅವಳ ಗುರುತೇ ಹತ್ತಲಿಲ್ಲ.

"ಕೇಳಮ್ಮ."

ಬಹಳ ದಿನದಿಂದ ಮಸೆದಿಟ್ಟ ಪ್ರಶ್ನೆಯನ್ನು ಅವಳು ಮೆತ್ತಗೆ ಕೇಳಿದಳು. "ಗ್ರಾಫಿನ ಗೆರೆ ಅಲ್ಲಿ ಹತ್ತು ದಿನ ತುಂಡಾಗಿದೆಯಲ್ಲ ಸಾರ್, ಯಾಕೆ?"

ಅವನು ತಡವರಿಸಲಿಲ್ಲ. "ಕೆರೆ ಪೂರ್ತಿ ಬತ್ತಿತ್ತಮ್ಮ. ಬಿರುಕುಬಿಟ್ಟ ನೆಲದ ಮೇಲೆ ನಿಂತು ಅತ್ತುಬಿಟ್ಟೆ."

"ಕೆರೆ ತುಂಬಿತ್ತು ಸಾರ್. ನಮ್ಮಮ್ಮ ತೀರಿಕೊಂಡಿದ್ದರು. ಅಳೆಯೋಕೆ ನಾನು ಹೋಗಿರಲಿಲ್ಲ."

ಸಭೆಯೆಲ್ಲ ಪರದೆಯತ್ತ ತಿರುಗಿತು. ತುಂಡಾದ ಗೆರೆಯ ಎರಡು ತುದಿಗಳೂ ಎಂಟು ಅಡಿ ನೀರಿನ ಮಟ್ಟದಲ್ಲೇ ನಿಂತಿದ್ದವು.